ಬಂದ ಹಕ್ಕಿ, ಬಾರದ ಹಕ್ಕಿ

ಹಕ್ಕಿಗಳು ಋತುವಿಗೆ ತಕ್ಕಂತೆ ದೇಶಾಂತರ ಹೋಗಿ ಬರುವುದು ನಮ್ಮ ವಾಚಕರಿಗೆ ಹೊಸ ಸಂಗತಿಯಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿಗೆ ವರ್ಷವರ್ಷವೂ ಗೂಡು ಕಟ್ಟಲು ಬರುವ ಹೆಜ್ಜಾರ್ಲೆಗಳನ್ನು ಅಲ್ಲಿಯ ಜನ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಮುಂಬಯಿಯ ಠಾಣೆ ಖಾಡಿಯ ಕೆಸರು ದಂಡೆಗೆ ಇಳಿಯುವ ಫ್ಲೆಮಿಂಗೊಗಳನ್ನು ನೋಡಲು ರಜೆಯ ದಿನ ಹೋಗಿ ಬರುವ ಕನ್ನಡಿಗರೂ ಇದ್ದಾರೆ. ಈ ಹಕ್ಕಿಗಳಿಗೆ ಒಂದು ಪಂಚಾಂಗವಿದೆ. ಬರುವ ತಿಂಗಳು, ಹೋಗುವ ತಿಂಗಳು, ಇಳಿಯುವ ನೀರು, ಎಲ್ಲವೂ ಹೆಚ್ಚುಕಡಿಮೆ ಗೊತ್ತಾದುದೇ. ಗೊತ್ತಾದ ಕಾಲಕ್ಕೆ ಬರುವ ಅತಿಥಿಯನ್ನು ಯಾರೂ ಸಂಶಯದಿಂದ ನೋಡುವುದಿಲ್ಲ.

ಆದರೆ ಇಂಥ ಯಾವ ಪಂಚಾಂಗಕ್ಕೂ ಕಟ್ಟುಬೀಳದ ಪ್ರವಾಸಿಗಳು ಕೆಲವು ಭೂಮಿಯ ಉತ್ತರದ ಕಾಡುಗಳಲ್ಲಿವೆ. ಗುಬ್ಬಚ್ಚಿಯಷ್ಟೋ ಅದಕ್ಕಿಂತ ತುಸು ದೊಡ್ಡದಾಗಿಯೋ ಇದ್ದು, ಹೆಚ್ಚಾಗಿ ಕಾಳನ್ನೇ ನಂಬಿ ಬಾಳುವ ಇವುಗಳಿಗೆ ಫಿಂಚ್ ಎಂದು ಹೆಸರು. ಹಲವು ವರ್ಷ ಇವುಗಳ ಸುಳಿವೇ ಇಲ್ಲದ ಊರಿಗೆ ಒಂದು ಚಳಿಗಾಲದಲ್ಲಿ ಹಿಂಡುಹಿಂಡಾಗಿ ಬಂದಿಳಿಯುತ್ತವೆ; ಮರುವರ್ಷ ಹುಡುಕಿದರೂ ಒಂದು ಸಿಕ್ಕದು. ಈ ಅನಿಯತ ಸಂಚಾರವನ್ನು ಕುರಿತು ನಾಲ್ಕು ಮಾತು ಬರೆಯಲು ನಮಗೆ ಕಾರಣವಿದೆ. ಹೇಳದೆ ಕೇಳದೆ ಬಂದವರ ಮೇಲೆ ಲೋಕವು ಬಹು ಬೇಗ ತೀರ್ಪು ಕೊಡುತ್ತದೆ. ಅವರು ಬಿಟ್ಟುಬಂದ ಊರನ್ನು ವಿಚಾರಿಸುವ ತಾಳ್ಮೆ ಮಾತ್ರ ಅದಕ್ಕೆ ಕಡಿಮೆ. ಹಕ್ಕಿಗಳ ವಿಷಯದಲ್ಲಿಯೂ ಹಾಗೆಯೇ ಆಗಿದೆ. ಬಂದ ಹಕ್ಕಿಯನ್ನು ಅರಿಯಬೇಕಾದರೆ ಅದು ಬಿಟ್ಟುಬಂದ ಕಾಡನ್ನು ನೋಡಬೇಕು. ಅಷ್ಟೇ ಅಲ್ಲ, ಬಾರದ ಹಕ್ಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಅಭಿಪ್ರಾಯದ ಸಾರ ಇಷ್ಟೇ.

ಮೊದಲು ಆ ಕಾಡಿನ ವಿಚಾರ. ಅಲಾಸ್ಕ, ಕೆನಡಾಗಳಿಂದ ಹಿಡಿದು ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯ, ಸೈಬೀರಿಯಗಳವರೆಗೆ ಭೂಮಿಯ ನೆತ್ತಿಯ ಸುತ್ತ ಒಂದು ಹಸಿರು ಪಟ್ಟಿ ಹಬ್ಬಿದೆ. ಸ್ಪ್ರೂಸ್, ಪೈನ್ ಮೊದಲಾದ ಸೂಜಿಯೆಲೆಯ ಮರಗಳು, ನಡುನಡುವೆ ಬರ್ಚ್ ಮರಗಳು, ಅಲ್ಲಿಯ ಮುಖ್ಯ ಸಂಪತ್ತು. ಕ್ರಾಸ್‌ಬಿಲ್, ಸಿಸ್ಕಿನ್, ರೆಡ್‌ಪೋಲ್, ಗ್ರಾಸ್‌ಬೀಕ್ ಎಂಬ ಹಕ್ಕಿಗಳ ಮನೆ ಇದೇ. ಕ್ರಾಸ್‌ಬಿಲ್‌ನ ಕೊಕ್ಕಿನ ಎರಡು ತುದಿಗಳೂ ಕತ್ತರಿಯಂತೆ ಒಂದನ್ನೊಂದು ದಾಟಿರುತ್ತವೆ. ಕಾಣುವವರಿಗೆ ಅದು ಅಂಗವೈಕಲ್ಯವೆಂದು ತೋರೀತು. ಆದರೆ ಪೈನ್ ಕಾಯಿಯ ಬಿಗಿಯಾದ ಹೊಪ್ಪಳಿಕೆಗಳನ್ನು ಮೀಟಿ ಒಳಗಿನ ಬೀಜವನ್ನು ನಾಲಗೆಯಿಂದ ಎಳೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಕರಣ ಬೇರೆಯಿಲ್ಲ. ರೆಡ್‌ಪೋಲ್ ಬರ್ಚ್ ಮರದ ಸಣ್ಣ ಕಾಳುಗಳನ್ನು ಗಂಟಲಿನ ಚೀಲದಲ್ಲಿ ತುಂಬಿಕೊಂಡು, ರಾತ್ರಿಯ ಚಳಿಗೆ ಬುತ್ತಿಯಾಗಿ ಒಯ್ಯುತ್ತದೆ.

ಚಳಿಯನ್ನು ತಾಳಲಾರದೆ ಈ ಹಕ್ಕಿಗಳು ದಕ್ಷಿಣಕ್ಕೆ ಓಡಿಬರುತ್ತವೆ ಎಂಬ ಭಾವನೆ ಸಾಮಾನ್ಯವಾಗಿದೆ. ಅದು ತಪ್ಪು. ಹೊಟ್ಟೆ ತುಂಬಿದ್ದರೆ ರೆಡ್‌ಪೋಲ್ ಎಂಥ ಭೀಕರ ಚಳಿಯನ್ನೂ ಎದುರಿಸಿ ನಿಲ್ಲಬಲ್ಲುದು. ಕ್ರಾಸ್‌ಬಿಲ್ಲಂತೂ ಕಾಡಿನಲ್ಲಿ ಕಾಯಿ ಸಮೃದ್ಧವಾಗಿರುವ ವರ್ಷ ಹಿಮ ಸುರಿಯುವ ಜನವರಿ, ಫೆಬ್ರವರಿಗಳಲ್ಲಿಯೇ ಗೂಡು ಕಟ್ಟಿ ಮರಿ ಮಾಡುತ್ತದೆ. ಹಿಮದ ನಡುವೆ ಸಂಸಾರ ಹೂಡುವ ಹಕ್ಕಿ ಚಳಿಗೆ ಹೆದರಿ ಊರು ಬಿಟ್ಟೀತೇ? ಅದು ಊರು ಬಿಡುವುದು ಕಾಳು ಮುಗಿದಾಗ.

ಕಾಳು ಮುಗಿಯುವುದಾದರೂ ಏಕೆ? ಇಲ್ಲಿ ಮರಗಳ ನಡತೆಯನ್ನು ತಿಳಿಯಬೇಕು. ನಮ್ಮ ಊರಿನ ಮಾವಿನ ಮರ ಒಂದು ವರ್ಷ ಮೈತುಂಬ ಕಾಯಿ ಬಿಟ್ಟು ಮರುವರ್ಷ ಬರಿದಾಗಿ ನಿಲ್ಲುವುದನ್ನು ಎಲ್ಲರೂ ಬಲ್ಲರು. ಉತ್ತರದ ಸ್ಪ್ರೂಸ್, ಪೈನ್, ಬರ್ಚ್ ಮರಗಳು ಇದನ್ನೇ ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡುತ್ತವೆ. ಒಂದು ಸೀಮೆಯ ಮರಗಳೆಲ್ಲ ಮಾತನಾಡಿಕೊಂಡಂತೆ ಒಂದೇ ವರ್ಷ ಕಾಯಿ ಸುರಿಸುತ್ತವೆ. ಅನಂತರ ಒಂದೆರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಎಲ್ಲವೂ ಒಟ್ಟಿಗೇ ಕೈಕಟ್ಟಿ ನಿಲ್ಲುತ್ತವೆ. ಇದರಲ್ಲಿ ಮರಕ್ಕೆ ಲಾಭವಿದೆ. ವರ್ಷವೂ ಸಮನಾಗಿ ಕಾಯಿ ಬಿಟ್ಟರೆ ಬೀಜವನ್ನೆಲ್ಲ ಅಳಿಲು, ಹುಳು, ಹಕ್ಕಿಗಳೇ ತಿಂದು ಮುಗಿಸಿಯಾವು. ಬರಗಾಲದಲ್ಲಿ ತಿನ್ನುವ ಬಾಯಿಗಳು ಕಡಿಮೆಯಾಗಿ, ಸುಗ್ಗಿಯಲ್ಲಿ ತಿಂದು ಮುಗಿಯದಷ್ಟು ಬೀಜ ಬಿದ್ದರೆ ಕೆಲವಾದರೂ ಮೊಳೆಯುತ್ತವೆ.

ನಮ್ಮ ಮಲೆನಾಡಿನ ಬಿದಿರು ಇದೇ ಧರ್ಮವನ್ನು ಅನುಸರಿಸುತ್ತದೆ. ಹತ್ತಾರು ವರ್ಷಗಳಿಗೊಮ್ಮೆ ಮೆಳೆಗೆ ಮೆಳೆಯೇ ಹೂತು, ಬಿದಿರಕ್ಕಿ ಸುರಿಸಿ ಸಾಯುತ್ತದೆ. ಬಿದಿರು ಹೂತರೆ ಬರಗಾಲವೆಂದು ಹಿರಿಯರು ಹೇಳುತ್ತಿದ್ದುದು ಸುಮ್ಮನಲ್ಲ. ಈಗಿನ ಮಿಜೋರಾಮಿನ ಬೆಟ್ಟಗಳಲ್ಲಿ 1959ರಲ್ಲಿ ಬಿದಿರು ಹೂತು, ಅದರ ಬೀಜ ತಿಂದು ಇಲಿಗಳು ಮಿತಿಮೀರಿ ಬೆಳೆದು, ಅನಂತರ ಭತ್ತದ ಗದ್ದೆಗಳಿಗೆ ನುಗ್ಗಿ ಕ್ಷಾಮವೇ ಉಂಟಾಯಿತು. ಮುನ್ಸೂಚನೆ ಕೊಟ್ಟ ಬೆಟ್ಟದ ಜನರ ಮಾತನ್ನು ಅಂದಿನ ಆಡಳಿತವು ಮೂಢನಂಬಿಕೆಯೆಂದು ತಳ್ಳಿಹಾಕಿತ್ತು. ಮರದ ಸುಗ್ಗಿ ಮತ್ತು ಬರಗಳ ಲೆಕ್ಕವು ಬರಿಯ ಪಂಡಿತರ ವಿನೋದವಲ್ಲವೆಂಬುದಕ್ಕೆ ಈ ಒಂದು ಉದಾಹರಣೆ ಸಾಕು.

ಉತ್ತರದ ಕಾಡಿನಲ್ಲಿಯೂ ಸುಗ್ಗಿಯ ಬೆನ್ನಿಗೇ ಕಷ್ಟ ಬರುತ್ತದೆ. ಕಾಯಿ ತುಂಬಿದ ವರ್ಷ ಹಕ್ಕಿಗಳು ಚೆನ್ನಾಗಿ ತಿಂದು, ಚಳಿಗಾಲವನ್ನು ಸುಖವಾಗಿ ದಾಟಿ, ಹೆಚ್ಚು ಮರಿಗಳನ್ನು ಬೆಳೆಸುತ್ತವೆ. ಸಂಸಾರ ಬೆಳೆದಿರುವ ಹೊತ್ತಿಗೆ ಸರಿಯಾಗಿ ಮರಗಳು ಬರಿದಾಗುತ್ತವೆ. ಉಣ್ಣುವ ಬಾಯಿ ಹೆಚ್ಚು, ಪಾತ್ರೆಯಲ್ಲಿ ಅನ್ನವಿಲ್ಲ. ಆಗ ಹಿಂಡಿಗೆ ಹಿಂಡೇ ಏಳುತ್ತದೆ. ಎಲ್ಲಿ ಕಾಳು ಕಂಡರೆ ಅಲ್ಲಿ ಇಳಿಯುತ್ತದೆ. ಅಲ್ಲಿಯೂ ಮುಗಿದರೆ ಮುಂದೆ ಹೋಗುತ್ತದೆ. ಇವುಗಳಿಗೆ ನಿಶ್ಚಿತವಾದ ದಾರಿಯೂ ಇಲ್ಲ, ಹೋದ ಸಲ ತಂಗಿದ ಊರಿಗೇ ಮತ್ತೆ ಹೋಗಬೇಕೆಂಬ ನಿಯಮವೂ ಇಲ್ಲ. ಬೆಲ್ಜಿಯಂ ದೇಶದಲ್ಲಿ ಕಾಲಿಗೆ ಉಂಗುರ ತೊಡಿಸಿ ಬಿಟ್ಟ ಒಂದು ರೆಡ್‌ಪೋಲ್ ಎರಡು ವರ್ಷಗಳ ಮೇಲೆ ಚೀನಾದಲ್ಲಿ ಸಿಕ್ಕಿತು. ಯುರೋಪಿನ ಒಂದು ಮೂಲೆಯಿಂದ ಏಷ್ಯದ ಇನ್ನೊಂದು ಮೂಲೆಗೆ ಅದನ್ನು ಒಯ್ದದ್ದು ಕೆಲವು ಹಿಡಿ ಕಾಳಿನ ಆಸೆ.

ಹಿಂಡುಗಳ ಗಾತ್ರವನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಉತ್ತರ ಯುರೋಪಿನ ಬರ್ಚ್ ಕಾಡುಗಳಲ್ಲಿ ಬೆಳೆಯುವ ಬ್ರಾಂಬ್ಲಿಂಗ್ ಎಂಬ ಫಿಂಚ್ ಚಳಿಗಾಲದಲ್ಲಿ ಬೀಚ್ ಮರದ ಬೀಜವನ್ನು ಅರಸಿ ದಕ್ಷಿಣಕ್ಕೆ ಬರುತ್ತದೆ. ಬೀಚ್ ಬೀಜ ಯಾವ ಸೀಮೆಯಲ್ಲಿ ಬಿದ್ದಿದೆಯೋ ಆ ಸೀಮೆಗೆ ಅದರ ಪಯಣ. 1951-52ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಪಟ್ಟಣದ ಬಳಿ ಈ ಹಕ್ಕಿಗಳು ರಾತ್ರಿ ತಂಗಲು ಸೇರುತ್ತಿದ್ದುವು. ಅವುಗಳ ಸಂಖ್ಯೆ ಸುಮಾರು 7 ಕೋಟಿ ಎಂದು ಅಂದಾಜು ಮಾಡಲಾಯಿತು. ಇಂದಿನ ಕರ್ನಾಟಕದ ಜನಸಂಖ್ಯೆಯಷ್ಟು ಹಕ್ಕಿಗಳು ಒಂದು ಪಟ್ಟಣದ ಮಗ್ಗುಲಲ್ಲಿ! ಆ ವರ್ಷ ಆ ಬೆಟ್ಟಗಳಲ್ಲಿ ಬೀಚ್ ಬೀಜ ಹೇರಳವಾಗಿದ್ದಿರದಿದ್ದರೆ ಅಷ್ಟು ಹಕ್ಕಿಗಳು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಅಲೆಯುವುದು ಈ ಕುಲದ ಹುಟ್ಟುಗುಣವೆಂದು ವಾದಿಸುವವರಿಗೆ ಒಂದು ಉತ್ತರವಿದೆ. ಅಮೆರಿಕದ ಇಡಾಹೊ ರಾಜ್ಯದ ಬೆಟ್ಟಗಳಲ್ಲಿ ಒಂದು ಬಗೆಯ ಕ್ರಾಸ್‌ಬಿಲ್ ಇದೆ. 2017ರಲ್ಲಿ ಇದನ್ನು ಪ್ರತ್ಯೇಕ ಜಾತಿಯೆಂದು ಅಂಗೀಕರಿಸಿ, ಅಲ್ಲಿಯ ಜಿಲ್ಲೆಯ ಹೆಸರಿನಿಂದ ಕ್ಯಾಸಿಯ ಕ್ರಾಸ್‌ಬಿಲ್ ಎಂದು ಕರೆದರು. ಅದರ ಬಂಧುಗಳೆಲ್ಲ ಖಂಡದ ತುಂಬ ಅಲೆಯುತ್ತಿದ್ದರೆ ಇದು ಮಾತ್ರ ತನ್ನ ಬೆಟ್ಟವನ್ನು ಬಿಟ್ಟು ಕದಲುವುದಿಲ್ಲ. ಕಾರಣವೇನು? ಅಲ್ಲಿಯ ಪೈನ್ ಮರಗಳು ಬೀಜವನ್ನು ಒಮ್ಮೆಗೇ ಉದುರಿಸದೆ ಮುಚ್ಚಿದ ಕಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿರುತ್ತವೆ. ಆ ಕಾಯಿಗಳಿಗಾಗಿ ಪೈಪೋಟಿ ಮಾಡುವ ಅಳಿಲುಗಳೂ ಅಲ್ಲಿಲ್ಲ. ಮನೆಯ ಕಣಜದಲ್ಲಿ ಕಾಳು ಸದಾ ಇರುವುದಾದರೆ ಕ್ರಾಸ್‌ಬಿಲ್ಲೂ ಮನೆಯಲ್ಲಿಯೇ ಇರುತ್ತದೆ. 2020ರ ಕಾಡುಗಿಚ್ಚು ಈ ಹಕ್ಕಿಯ ಕಾಡಿನ ದೊಡ್ಡದೊಂದು ಭಾಗವನ್ನು ಸುಟ್ಟುದು ದುಃಖದ ಸಂಗತಿ. ಬೇರೆಡೆಗೆ ಹೋಗುವ ಅಭ್ಯಾಸವೇ ಇಲ್ಲದ ಹಕ್ಕಿಗೆ ಕಾಡು ಸುಟ್ಟರೆ ಗತಿಯೇನೆಂಬ ಚಿಂತೆ ಈಗ ಹುಟ್ಟಿದೆ.

ಇನ್ನು, ಅನಿರೀಕ್ಷಿತವಾಗಿ ಬಂದ ಹಕ್ಕಿಗಳನ್ನು ಜನರು ಹೇಗೆ ಬರಮಾಡಿಕೊಂಡರು ಎಂಬುದನ್ನು ನೋಡೋಣ. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಸನ್ಯಾಸಿಯೂ ಚರಿತ್ರೆಕಾರನೂ ಆಗಿದ್ದ ಮ್ಯಾಥ್ಯೂ ಪ್ಯಾರಿಸ್ 1251ನೆಯ ವರ್ಷದ ವೃತ್ತಾಂತದಲ್ಲಿ ಹಿಂದೆ ಕಾಣದ ಹಕ್ಕಿಗಳು ಸೇಬಿನ ತೋಟಗಳಿಗೆ ಬಂದುದನ್ನು ಬರೆದಿಟ್ಟಿದ್ದಾನೆ. ಅವು ಹಣ್ಣನ್ನು ಸೀಳಿ ಬೀಜವನ್ನು ಮಾತ್ರ ತಿನ್ನುತ್ತಿದ್ದುವೆಂದೂ ಅವುಗಳ ಕೊಕ್ಕು ಒಂದನ್ನೊಂದು ದಾಟಿತ್ತೆಂದೂ ಹೇಳುತ್ತಾನೆ. ಅವು ಕ್ರಾಸ್‌ಬಿಲ್‌ಗಳೆಂಬುದು ಸ್ಪಷ್ಟ. ತೋಟದವನಿಗೆ ಕಂಡುದು ಹಾಳಾದ ಹಣ್ಣು. ಸಮುದ್ರದಾಚೆಯ ಬರಿದಾದ ಕಾಡು ಅವನಿಗೆ ಕಾಣುವಂತಿರಲಿಲ್ಲ. ಫಿಂಚ್ ಕುಲಕ್ಕೆ ಸೇರದಿದ್ದರೂ ಇದೇ ರೀತಿ ಅನಿಯತವಾಗಿ ಉತ್ತರದಿಂದ ಇಳಿಯುವ ವ್ಯಾಕ್ಸ್‌ವಿಂಗ್ ಎಂಬ ಚೆಲುವಾದ ಹಕ್ಕಿಯನ್ನು ಡಚ್ಚರು ಇಂದಿಗೂ ತಮ್ಮ ಭಾಷೆಯಲ್ಲಿ ‘ಪಿಡುಗಿನ ಹಕ್ಕಿ’ ಎಂದೇ ಕರೆಯುತ್ತಾರೆ. ರೋಗರುಜಿನಗಳಿಗೂ ಯುದ್ಧಕ್ಕೂ ಅದು ಮುನ್ಸೂಚನೆಯೆಂದು ಹಿಂದಿನವರು ನಂಬಿದ್ದರು. ಹಸಿದು ಬಂದು ಬೇಲಿಯ ಹಣ್ಣು ತಿಂದುದಕ್ಕೆ ಈ ಅಪಕೀರ್ತಿ! ಹಳೆಯ ಪಕ್ಷಿಶಾಸ್ತ್ರಜ್ಞರು ಕೂಡ ಇಂಥ ಸಂಚಾರವನ್ನು ‘ಆಕ್ರಮಣ’ವೆಂದು ಬರೆದುದುಂಟು. ಆಕ್ರಮಣ ಮಾಡುವವನು ಗೆದ್ದ ನೆಲದಲ್ಲಿ ಉಳಿಯುತ್ತಾನೆ. ಇವಾದರೋ ವಸಂತಕ್ಕೆ ಹೊರಟುಹೋಗುತ್ತವೆ. ಅಂದಮೇಲೆ ಆ ಮಾತು ಹೇಗೆ ಸಲ್ಲುತ್ತದೆ?

ಹಕ್ಕಿಯ ಮೇಲೆ ರೋಗದ ಆರೋಪ ಹೊರಿಸಿದ ಪ್ರಸಂಗವೊಂದು ನಮ್ಮ ನಾಡಿನಲ್ಲಿಯೇ ನಡೆದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ವಿಷಮ ಜ್ವರ ಬಂದಿತು. ಮಂಗನ ಕಾಯಿಲೆ ಎಂದು ಮಲೆನಾಡಿಗರು ಇಂದಿಗೂ ಹೆದರುವ ರೋಗ ಅದೇ. ಅದರ ವೈರಾಣು ರಷ್ಯದ ಕಡೆಯ ಒಂದು ರೋಗದ ವೈರಾಣುವಿಗೆ ಹತ್ತಿರದ ಸಂಬಂಧಿಯೆಂದು ತಿಳಿದಾಗ, ಸೈಬೀರಿಯದಿಂದ ಬರುವ ವಲಸೆ ಹಕ್ಕಿಗಳು ಮೈಮೇಲಿನ ಉಣುಗುಗಳ ಮೂಲಕ ಅದನ್ನು ತಂದಿರಬಹುದೆಂಬ ಅನುಮಾನ ಹುಟ್ಟಿತು. ಆಗ ಹಕ್ಕಿಗಳನ್ನು ಶಪಿಸುವುದಾಗಲಿ ಕೊಲ್ಲುವುದಾಗಲಿ ನಡೆಯಲಿಲ್ಲ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, 1959ರಲ್ಲಿ ಹಕ್ಕಿಗಳನ್ನು ಹಿಡಿದು, ಉಂಗುರ ತೊಡಿಸಿ, ಮತ್ತೆ ಹಾರಬಿಡುವ ದೊಡ್ಡ ಯೋಜನೆಯನ್ನು ಕೈಕೊಂಡರು. ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ. ಆದರೆ ಭಾರತಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬ ಜ್ಞಾನ ಈ ಕೆಲಸದಿಂದ ದೊರೆಯಿತು. ಮುಂಬಯಿಯ ಫೋರ್ಟಿನ ಕಚೇರಿಗಳಿಗೆ ಹೋಗುವ ನಮ್ಮ ವಾಚಕರು ದಿನವೂ ಹಾದುಹೋಗುವ ಹಾರ್ನ್‌ಬಿಲ್ ಹೌಸ್ ಇದೇ ಸಂಸ್ಥೆಯ ಮನೆ. ನಮ್ಮ ಮಲೆನಾಡಿನ ಒಂದು ಕಾಡಿನ ಕಷ್ಟಕ್ಕೂ ಆ ಮನೆಯ ಕೆಲಸಕ್ಕೂ ಇರುವ ನಂಟು ಎಲ್ಲರಿಗೂ ತಿಳಿದಿರಬೇಕಾದುದು. ಅನುಮಾನ ಬಂದಾಗ ವಿಚಾರಣೆ ಮಾಡುವುದು ನಾಗರಿಕರ ಲಕ್ಷಣ.

ಉತ್ತರ ಅಮೆರಿಕದಲ್ಲಿ ಈ ವಿಚಾರಣೆಯು ಬಹುಮಟ್ಟಿಗೆ ಸಾಮಾನ್ಯ ಜನರಿಂದಲೇ ನಡೆದಿದೆಯೆಂಬುದು ಗಮನಿಸತಕ್ಕ ವಿಷಯ. ಅಲ್ಲಿ ಹಿಂದೆ ಕ್ರಿಸ್‌ಮಸ್ ದಿನ ಕೋವಿ ಹಿಡಿದು ಹೋಗಿ, ಯಾರು ಹೆಚ್ಚು ಪ್ರಾಣಿಪಕ್ಷಿಗಳನ್ನು ಹೊಡೆದು ತರುವರೆಂದು ಪಂದ್ಯ ಕಟ್ಟುತ್ತಿದ್ದರು. ಫ್ರಾಂಕ್ ಚ್ಯಾಪ್‌ಮನ್ ಎಂಬ ಪಕ್ಷಿಶಾಸ್ತ್ರಜ್ಞರು 1900ರಲ್ಲಿ, ಕೊಲ್ಲುವುದಕ್ಕೆ ಬದಲಾಗಿ ಎಣಿಸೋಣವೆಂದು ಸೂಚಿಸಿದರು. ಆ ವರ್ಷ ಎಣಿಸಿದವರು 27 ಜನ. ಅಂದು ತೊಡಗಿದ ಲೆಕ್ಕ ಇಂದಿಗೂ ವರ್ಷ ತಪ್ಪದೆ ನಡೆಯುತ್ತಿದೆ. ಮನೆಯಂಗಳದ ಕಾಳಿನ ತಟ್ಟೆಗೆ ಬಂದ ಹಕ್ಕಿಗಳನ್ನು ಗುರುತು ಹಾಕಿ ಕಳಿಸುವ ಸಾವಿರಾರು ಗೃಹಸ್ಥರೂ ಅಲ್ಲಿದ್ದಾರೆ. ಇಂಥವರು ಬರೆದಿಟ್ಟ ಸಿಸ್ಕಿನ್ ಹಕ್ಕಿಯ ಲೆಕ್ಕವನ್ನು ಹಿಡಿದು 2015ರಲ್ಲಿ ವಿಜ್ಞಾನಿಗಳು ಒಂದು ದೊಡ್ಡ ಸಂಗತಿಯನ್ನು ತೋರಿಸಿಕೊಟ್ಟರು. ಖಂಡದ ಒಂದು ಭಾಗದಲ್ಲಿ ಹವೆ ಮರಗಳಿಗೆ ಅನುಕೂಲವಾಗಿದ್ದಾಗ ಇನ್ನೊಂದು ಭಾಗದಲ್ಲಿ ಪ್ರತಿಕೂಲವಾಗಿರುತ್ತದೆ. ತಕ್ಕಡಿಯ ತಟ್ಟೆಗಳಂತೆ ಒಂದು ಏರಿದರೆ ಒಂದು ಇಳಿಯುತ್ತದೆ. ಹಕ್ಕಿಗಳ ಸಂಚಾರ ಅದನ್ನೇ ಅನುಸರಿಸುತ್ತದೆ. ಅನಿಯತವೆಂದು ನಾವು ಕರೆದುದಕ್ಕೂ ಒಂದು ನಿಯಮವಿತ್ತು. ಅದನ್ನು ಓದುವಷ್ಟು ಉದ್ದವಾದ ಲೆಕ್ಕಪುಸ್ತಕ ನಮ್ಮಲ್ಲಿರಲಿಲ್ಲ, ಅಷ್ಟೇ.

ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ರಾನ್ ಪಿಟವೇ ಎಂಬವರು 1999ರಿಂದ ಪ್ರತಿವರ್ಷವೂ ಚಳಿಗಾಲಕ್ಕೆ ಮುಂಚೆ ಒಂದು ಭವಿಷ್ಯವನ್ನು ಪ್ರಕಟಿಸುತ್ತ ಬಂದರು. ಇದು ಗ್ರಹಗತಿಯ ಭವಿಷ್ಯವಲ್ಲ. ಬೇರೆ ಬೇರೆ ಕಾಡುಗಳನ್ನು ಬಲ್ಲವರಿಂದ ಈ ವರ್ಷ ಸ್ಪ್ರೂಸ್ ಹೇಗಿದೆ, ಬರ್ಚ್ ಹೇಗಿದೆ ಎಂದು ವಿಚಾರಿಸಿ, ಯಾವ ಹಕ್ಕಿ ಎಲ್ಲಿಗೆ ಹೊರಟೀತೆಂದು ಅವರು ಹೇಳುತ್ತಿದ್ದರು. 2020ರಿಂದ ಟೈಲರ್ ಹೋರ್ ಎಂಬವರು ಆ ಕೆಲಸವನ್ನು ಮುಂದುವರಿಸಿದರು. ಬಂದವನನ್ನು ಕಂಡು ಬೆಚ್ಚುವ ಬದಲು ಅವನ ಊರಿನ ಬೆಳೆಯನ್ನು ಮೊದಲೇ ವಿಚಾರಿಸಿಕೊಳ್ಳುವ ಈ ಪದ್ಧತಿ ನಮಗೆ ಬಹಳ ಮೆಚ್ಚುಗೆಯಾಗಿದೆ.

ಆದರೆ ವಿಚಾರಿಸಿದರೆ ಸಾಲದು; ಉಪಚಾರವೂ ಸರಿಯಾಗಿರಬೇಕು. 2020-21ರ ಚಳಿಗಾಲದಲ್ಲಿ ಉತ್ತರ ಅಮೆರಿಕದ ಮುಖ್ಯ ಫಿಂಚ್ ಜಾತಿಗಳೆಲ್ಲ ಒಟ್ಟಿಗೇ ಎಂಬಂತೆ ದಕ್ಷಿಣಕ್ಕೆ ಇಳಿದುವು. ಮಹಾಮಾರಿಯ ದಿನಗಳಲ್ಲಿ ಮನೆಯಲ್ಲಿಯೇ ಕುಳಿತ ಜನ ಸಂತೋಷದಿಂದ ತಟ್ಟೆಗಳಲ್ಲಿ ಕಾಳು ತುಂಬಿಟ್ಟರು. ಸಿಸ್ಕಿನ್‌ಗಳು ಮುತ್ತಿದುವು. ಒಂದೇ ತಟ್ಟೆಯಲ್ಲಿ ನೂರಾರು ಹಕ್ಕಿಗಳು ತಿಂದು, ಅಲ್ಲಿಯೇ ಹಿಕ್ಕೆ ಹಾಕಿ, ಸಾಲ್ಮೊನೆಲ್ಲ ಎಂಬ ರೋಗ ಹಬ್ಬಿತು. ಪಶ್ಚಿಮ ತೀರದ ರಾಜ್ಯಗಳಲ್ಲಿ ಹಕ್ಕಿಗಳು ಅಂಗಳದಲ್ಲಿಯೇ ಸತ್ತುಬಿದ್ದುವು. ಕೆಲವು ಮನುಷ್ಯರಿಗೂ ಸೋಂಕು ತಗುಲಿತು. ತಟ್ಟೆಗಳನ್ನು ತೆಗೆದಿಡಿ, ತೊಳೆಯಿರಿ ಎಂದು ಸರ್ಕಾರದ ವನ್ಯಜೀವಿ ಇಲಾಖೆಗಳೇ ಕೇಳಿಕೊಳ್ಳಬೇಕಾಯಿತು. ಹೋಟೆಲಿನಲ್ಲಿ ದುಡಿಯುವ ನಮ್ಮ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಎಷ್ಟೇ ಒಳ್ಳೆಯ ಅಡಿಗೆಯಾಗಿರಲಿ, ತಟ್ಟೆ ಲೋಟ ತೊಳೆಯುವ ಹುಡುಗ ಒಂದು ದಿನ ಅಲಕ್ಷ್ಯ ಮಾಡಿದರೆ ಗಿರಾಕಿ ಹಾಸಿಗೆ ಹಿಡಿಯುತ್ತಾನೆ. ಗಲ್ಲೆಯಲ್ಲಿ ಕೂತವರ ಸೌಜನ್ಯದಷ್ಟೇ ಬೆಲೆ ಹಿಂದುಗಡೆ ತೊಟ್ಟಿಯ ಬಳಿ ನಿಂತವನ ಶ್ರಮಕ್ಕೂ ಇದೆ. ದಾನವೂ ಹಾಗೆಯೇ. ಹಸಿದವನಿಗೆ ಇಕ್ಕುವ ಕೈ ಶುದ್ಧವಾಗಿರದಿದ್ದರೆ ಅನ್ನವೇ ವಿಷವಾಗುತ್ತದೆ.

ಕಾಳು ಹಾಕುವುದರಿಂದಲೇ ಈ ಹಕ್ಕಿಗಳು ಊರು ಬಿಟ್ಟು ಬರುತ್ತವೆ, ಹಾಕದಿದ್ದರೆ ತಮ್ಮ ಕಾಡಿನಲ್ಲಿಯೇ ಇದ್ದಾವು ಎಂದು ಹೇಳುವವರಿದ್ದಾರೆ. ತಟ್ಟೆ ಇದ್ದಲ್ಲಿ ಹಿಂಡು ತುಸು ಹೆಚ್ಚು ದಿನ ತಂಗಬಹುದು ಎಂಬಷ್ಟನ್ನು ಒಪ್ಪಬಹುದು. ಆದರೆ 1251ರಲ್ಲಿ ಇಂಗ್ಲೆಂಡಿನ ಯಾವ ಗೃಹಸ್ಥನು ಕ್ರಾಸ್‌ಬಿಲ್‌ಗಳಿಗಾಗಿ ತಟ್ಟೆ ಇಟ್ಟಿದ್ದ? ಹೊರಡುವ ಕಾರಣ ಹೊರಟ ಊರಿನಲ್ಲಿರುತ್ತದೆ. ಮಳೆ ತಪ್ಪಿದ ವರ್ಷ ಮನೆಯ ಕದವಿಕ್ಕಿ ಈ ಊರುಗಳಿಗೆ ಬಂದವರು ನಮ್ಮ ವಾಚಕರಲ್ಲಿಯೂ ಇಲ್ಲದಿಲ್ಲ. ಹಕ್ಕಿಯನ್ನು ಮನುಷ್ಯನಿಗೆ ಹೋಲಿಸುವುದಕ್ಕೆ ಒಂದು ಮಿತಿಯುಂಟು. ಹಕ್ಕಿಗೆ ಮರಳಿ ಹೋಗುವಾಗ ತೀರಿಸಬೇಕಾದ ಸಾಲವಿಲ್ಲ, ಕಾಗದ ಬರೆಯಬೇಕಾದ ತಾಯಿಯಿಲ್ಲ. ಆದುದರಿಂದ ಆ ಹೋಲಿಕೆಯನ್ನು ನಾವು ಮುಂದೆ ಎಳೆಯುವುದಿಲ್ಲ. ಹೊರಡುವವನ ಮೇಲೆ ಚಪಲದ ಆರೋಪ ಹೊರಿಸುವ ಮೊದಲು ಅವನ ಊರಿನ ಕಣಜವನ್ನು ಇಣುಕಿ ನೋಡಿ ಎಂಬ ಮಾತು ಮಾತ್ರ ಎರಡೂ ಕಡೆಗೆ ಸಲ್ಲುತ್ತದೆ.

ಈಗ ಬಾರದ ಹಕ್ಕಿಯ ಮಾತು. ಹಳದಿ ಕಪ್ಪು ಬಣ್ಣದ, ದಪ್ಪ ಕೊಕ್ಕಿನ ಈವ್ನಿಂಗ್ ಗ್ರಾಸ್‌ಬೀಕ್ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪೂರ್ವಭಾಗದವರಿಗೆ ಅಪರೂಪವಾಗಿತ್ತು. 1889-90ರ ಚಳಿಗಾಲದಲ್ಲಿ ಅದು ದೊಡ್ಡ ಸಂಖ್ಯೆಯಲ್ಲಿ ಪೂರ್ವಕ್ಕೆ ಬಂದು ಎಲ್ಲರನ್ನೂ ಬೆರಗುಗೊಳಿಸಿತು. ಮುಂದೆ ಅದರ ಬರವು ಹೆಚ್ಚುತ್ತ ಹೋಯಿತು. ಸ್ಪ್ರೂಸ್ ಮರಗಳನ್ನು ತಿನ್ನುವ ಒಂದು ಜಾತಿಯ ಹುಳು ಕಾಡುಗಳಲ್ಲಿ ವಿಪರೀತವಾಗಿ ಬೆಳೆದ ಕಾಲದಲ್ಲಿ ಆ ಹುಳುಗಳಿಂದ ಮರಿಗಳನ್ನು ಸಾಕಿ ಇದು ಹೇರಳವಾಯಿತು. 1970ರ ದಶಕದಲ್ಲಿ ಇದರ ಹಿಂಡುಗಳು ಕಾಳಿನ ತಟ್ಟೆಗಳನ್ನು ಖಾಲಿ ಮಾಡಿ ಮನೆಯವರಿಗೆ ಬೇಸರ ತರಿಸಿದುದೂ ಉಂಟು. ಅನಂತರ ಹಿಂಡುಗಳು ಕರಗಿದುವು. ತಟ್ಟೆ ಇದ್ದಲ್ಲಿಯೇ ಇತ್ತು, ಹಕ್ಕಿ ಬರಲಿಲ್ಲ. 2016ರಲ್ಲಿ ಕೆನಡಾದ ತಜ್ಞರ ಸಮಿತಿಯು ಇದನ್ನು ವಿಶೇಷ ಕಾಳಜಿಗೆ ಪಾತ್ರವಾದ ಜಾತಿಯೆಂದು ಗುರುತಿಸಿತು.

ಅನಿಯತವಾಗಿ ಬರುವ ಹಕ್ಕಿಯ ವಿಷಯದಲ್ಲಿ ಇರುವ ಅಪಾಯವೇ ಇದು. ವರ್ಷವೂ ಬರುವ ಹೆಜ್ಜಾರ್ಲೆ ಒಂದು ವರ್ಷ ಬಾರದಿದ್ದರೆ ಊರೇ ಕಳವಳಗೊಳ್ಳುತ್ತದೆ. ಆದರೆ ಎಂದಾದರೊಮ್ಮೆ ಬರುವ ಹಕ್ಕಿ ಬಾರದಿದ್ದರೆ, ಈ ವರ್ಷ ಅದರ ಕಾಡಿನಲ್ಲಿ ಸುಗ್ಗಿಯಿರಬೇಕೆಂದು ಎಲ್ಲರೂ ಸಮಾಧಾನ ತಂದುಕೊಳ್ಳುತ್ತಾರೆ. ಮರುವರ್ಷವೂ ಅದೇ ಮಾತು, ಅದರ ಮರುವರ್ಷವೂ ಅದೇ. ಬಾರದಿರುವುದಕ್ಕೆ ಎರಡು ಕಾರಣಗಳಿರಬಹುದು: ಮನೆಯಲ್ಲಿ ಹೊಟ್ಟೆ ತುಂಬಿರಬಹುದು, ಅಥವಾ ಹೊರಡಲು ಯಾರೂ ಉಳಿದಿರದೆ ಹೋಗಬಹುದು. ಅಂಗಳದಲ್ಲಿ ನಿಂತು ನೋಡುವವನಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಎರಡನ್ನೂ ಬೇರ್ಪಡಿಸಿ ಹೇಳಬಲ್ಲುದು ಬಹುಕಾಲದ ಲೆಕ್ಕ ಒಂದೇ.

ಕಚೇರಿಗಳಲ್ಲಿ ಖಾತೆ ಬರೆಯುವ ನಮ್ಮ ಗುಮಾಸ್ತ ಬಂಧುಗಳು ಈ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಒಂದು ದಿನದ ಜಮಾಖರ್ಚಿನಿಂದ ಅಂಗಡಿಯ ಸ್ಥಿತಿ ತಿಳಿಯದು. ಹತ್ತು ವರ್ಷದ ಖಾತೆಯನ್ನು ಬಿಚ್ಚಿದರೆ ಯಾವ ವರ್ಷದ ನಷ್ಟ ಋತುವಿನದು, ಯಾವುದು ಬುಡಕ್ಕೇ ಬಂದ ಕೊಡಲಿ ಎಂಬುದು ತಾನಾಗಿ ಗೊತ್ತಾಗುತ್ತದೆ. ಇಂಥ ಖಾತೆ ನಮ್ಮ ದೇಶದಲ್ಲಿಯೂ ಪ್ರಾರಂಭವಾಗಿದೆ. ಅಂಗಳದ ಹಕ್ಕಿಗಳನ್ನು ಎಣಿಸುವ ನಾಲ್ಕು ದಿನಗಳ ಕಾರ್ಯಕ್ರಮ 2013ರಿಂದ ಪ್ರತಿ ಫೆಬ್ರವರಿಯಲ್ಲಿ ಭಾರತದಲ್ಲಿಯೂ ನಡೆಯುತ್ತಿದೆ. ದೇಶದ ಹಕ್ಕಿಗಳ ಸ್ಥಿತಿಗತಿಯನ್ನು ಕುರಿತು 2023ರಲ್ಲಿ ಪ್ರಕಟವಾದ ವರದಿಗೆ ಸುಮಾರು 30,000 ಮಂದಿ ಬರೆದು ಕಳಿಸಿದ 3 ಕೋಟಿ ವೀಕ್ಷಣೆಗಳು ಆಧಾರವಾದುವು. 942 ಜಾತಿಗಳನ್ನು ಅದರಲ್ಲಿ ಪರಿಶೀಲಿಸಲಾಗಿದೆ. ಬರೆದವರಲ್ಲಿ ಪಂಡಿತರು ಕೆಲವರೇ. ಉಳಿದವರು ನಮ್ಮ ನಿಮ್ಮಂಥವರು.

ಉತ್ತರದ ಫಿಂಚ್‌ಗಳು ನಮ್ಮ ಕಿಟಕಿಗೆ ಬಾರವು. ಕ್ರಾಸ್‌ಬಿಲ್‌ನ ಒಂದು ಬಳಗ ಹಿಮಾಲಯದ ಕಾಡುಗಳಲ್ಲಿದೆ. ಅದಕ್ಕಿಂತ ಕೆಳಗೆ ಅದರ ಕೆಲಸವಿಲ್ಲ. ಅವುಗಳ ನೆಂಟನಾದ ಗುಲಾಬಿ ಬಣ್ಣದ ರೋಸ್‌ಫಿಂಚ್ ಮಾತ್ರ ಚಳಿಗಾಲದಲ್ಲಿ ದಕ್ಷಿಣ ಭಾರತದ ಬೆಟ್ಟಗಳವರೆಗೂ ಬಂದು ಹೋಗುತ್ತದೆ. ಆದರೆ ಲೆಕ್ಕವಿಡಲು ದೂರದ ಹಕ್ಕಿಯೇ ಬೇಕೆಂದಿಲ್ಲ. ಹೋಟೆಲಿನ ಹಿಂದುಗಡೆಯ ಓಣಿಯ ಗುಬ್ಬಚ್ಚಿ, ಚಾಳಿನ ಮುಂದಿನ ಮರದ ಮೈನಾ, ಕಚೇರಿಯ ಮಾಡಿನ ಪಾರಿವಾಳ, ಇವೂ ಹಕ್ಕಿಗಳೇ. ರಜೆಯ ದಿನ ಹದಿನೈದು ನಿಮಿಷ ನಿಂತು, ಕಂಡುದನ್ನು ಕಂಡಷ್ಟು ಬರೆದಿಟ್ಟು, ಆ ಲೆಕ್ಕವನ್ನು ಕೂಡಿಸುವವರಿಗೆ ಮುಟ್ಟಿಸಬೇಕೆಂದು ನಮ್ಮ ವಿನಂತಿ. ಊರಿಗೆ ಹೋದಾಗ ಮನೆಯ ಹಿತ್ತಿಲಿನಲ್ಲಿಯೂ ಇದನ್ನು ಮಾಡಬಹುದು. ಕಾಣದಿದ್ದ ಹಕ್ಕಿಯನ್ನು ಕಾಣಲಿಲ್ಲವೆಂದು ಬರೆಯಲು ಮರೆಯಬಾರದು. ಆ ಸೊನ್ನೆಗೂ ಬೆಲೆಯಿದೆ.

ಸರ್ಕಾರಗಳಿಗೆ ಹೇಳಬೇಕಾದುದೂ ಒಂದಿದೆ. ಉತ್ತರದ ಕಾಡನ್ನು ಕಡಿದು, ಭೂಮಿಯ ಹವೆಯನ್ನು ಕೆಡಿಸಿ, ಅನಂತರ ದಕ್ಷಿಣದ ಅಂಗಳಗಳಲ್ಲಿ ತಟ್ಟೆ ಕಾಳು ಇಟ್ಟರೆ ಹಕ್ಕಿ ಉಳಿಯಲಾರದು. ಅಲ್ಲಿಯ ಸ್ಪ್ರೂಸ್ ಕಾಡಿಗೂ ನಮ್ಮ ಮಲೆನಾಡಿನ ಬಿದಿರು ಮೆಳೆಗೂ ಈ ಮಾತು ಒಂದೇ. ಮರಕ್ಕೆ ತನ್ನದೇ ಆದ ಸುಗ್ಗಿ ಬರಗಳಿವೆ. ಹಕ್ಕಿಗಳು ಅನಾದಿಯಿಂದ ಅದಕ್ಕೆ ಹೊಂದಿಕೊಂಡು, ಬರ ಬಂದಾಗ ಹೊರಟು, ಸುಗ್ಗಿಯಾದಾಗ ಮರಳಿ ಬಾಳಿವೆ. ಮರಳಿ ಹೋಗಲು ಕಾಡೊಂದು ಉಳಿದಿರುವವರೆಗೆ ಈ ಅಲೆದಾಟದಲ್ಲಿ ದುಃಖಪಡುವುದೇನೂ ಇಲ್ಲ. ಕಾಡೇ ಉಳಿಯದಿದ್ದರೆ ಅವು ಎಲ್ಲಿಗೆ ಮರಳಬೇಕು? ಊರಿನ ಮನೆಯ ಬೀಗದ ಕೈಯನ್ನು ಇಲ್ಲಿಯ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರುವ ನಮ್ಮ ವಾಚಕರು ಈ ಪ್ರಶ್ನೆಯ ಭಾರವನ್ನು ಬಲ್ಲರು.